ಕರಡಚ್ಚು

ಪುಟಕ್ಕೆ ಹನ್ನೆರಡು ರೂಪಾಯಿ.
ಮದುವೆಯ ಕರೆಯೋಲೆಯಾದರೆ ಲೆಕ್ಕವಿಲ್ಲ, ಒಂದು ಚಹಾ.
ಈ ಸಲ ರಾಯ್ಕರ್ ಮಾಮ ಕೈಗಿತ್ತದ್ದು
ಪಕ್ಷದ ಪ್ರಣಾಳಿಕೆ: ಹದಿನಾರು ಪುಟ, ಬೆಳಗಾಗುವುದರೊಳಗೆ.
‘ಅರ್ಥ ನೋಡಬೇಡ ಮಾರಾಯ್ತಿ, ಅಕ್ಷರ ನೋಡು.’

ಮೊದಲ ಸಾಲಿಗೇ ಪೆನ್ನು ನಿಂತಿತು:
‘ಎಲ್ಲರಿಗೂ ಚೂರು.’
ಸೂರು ಎಂದಿರಬೇಕು. ತಿದ್ದಿದೆ.
ಒಂದು ಗಳಿಗೆ ತಡೆದು ತಿದ್ದಿದೆ, ಸುಳ್ಳು ಯಾಕೆ.
‘ಹೆಸರು ಶಕ್ತಿ’ಯನ್ನು ಹಸಿರು ಮಾಡಿದೆ.
ಶುದ್ದ, ಶುದ್ದ, ಆರು ಕಡೆ ಪ್ರಾಣ ಸಾಲದ ಶುದ್ದ ಇಂಧನ;
ಶಾಲೆಯಲ್ಲಿ ಅಕ್ಕೋರು ಕಲಿಸಿದಂತೆ
ಒಂದೊಂದರ ಹೊಟ್ಟೆ ಸೀಳಿದೆ.

ಆಗಲೇ ಕರೆಂಟು ಹೋಯಿತು.
ಕದ್ರಾ ಕಡೆಯ ದೊಡ್ಡ ತಂತಿ ನಮ್ಮ ತಲೆಯ ಮೇಲೇ ಹಾಯುತ್ತದೆ,
ಮಳೆ ಬಂದರೆ ಗುಂಯ್ ಎನ್ನುತ್ತದೆ, ಇಳಿಯುವುದಿಲ್ಲ.
ಮೊಬೈಲಿನ ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದೆ:
‘ಮನೆಮನೆಯ ಮಾಡಿನ ಮೇಲೂ ಸೂರ್ಯ.’
ತಾಡಪತ್ರಿಯ ಅಡಿಯಿಂದ ಅತ್ತೆ:
‘ಮಾಡು ಮೊದಲು ಹಾಕಿಸಲಿ ಅನ್ನು.’

ನಮ್ಮ ಕಥೆ ಇಷ್ಟೆ.
ಮಾವ ಹುಟ್ಟಿದ ಕೇರಿ ನೌಕಾನೆಲೆಯ ಬೇಲಿಯಾಚೆ ಹೋಯಿತು.
ಸಿಕ್ಕ ಹಣಕ್ಕೆ ಸುಂಕೇರಿಯ ಹೊಳೆದಂಡೆಯಲ್ಲಿ ಮೂರು ಗುಂಟೆ.
ಚಿರೇಕಲ್ಲು ಇಳಿಸಿದ ದಿನವೇ ಸರ್ವೆಯವ ಬಂದ,
ನಕ್ಷೆ ಬಿಚ್ಚಿ, ‘ಭರತದ ಗೆರೆ ಇಲ್ಲಿ’ ಎಂದ.
ಗೆರೆ ನಮ್ಮ ಒಲೆಯ ಪಕ್ಕಕ್ಕೆ ಹಾದುಹೋಯಿತು.
ಸರಕಾರದ ಪ್ರಕಾರ ಈಗ
ಅನ್ನ ಬೇಯುವುದು ನೆಲದಲ್ಲಿ, ಬಸಿಯುವುದು ಸಮುದ್ರದಲ್ಲಿ.
ಕಲ್ಲಿನ ರಾಶಿಗೆ ಪಾಚಿ ಹಿಡಿದಿದೆ,
ಮಗಳು ಅದರ ಮೇಲೆ ಕೂತು ಹದಿಮೂರರ ಮಗ್ಗಿ ಒಪ್ಪಿಸುತ್ತಾಳೆ.

ಹಾಗಾಗಿ, ಪುಟ ನಾಲ್ಕರಲ್ಲಿ ನನಗೆ ಎರಡು ಕೋಣೆಯ ಮನೆ,
ಪುಟ ಏಳರಲ್ಲಿ ಅದೇ ದಂಡೆಗೆ ತೇಲುವ ಸೌರಫಲಕ,
ಪುಟ ಹನ್ನೊಂದರಲ್ಲಿ ಅಲ್ಲೇ ಕಾಂಡ್ಲಾ ಕಾಡು, ಕೊಕ್ಕರೆಗಳಿಗೆ.
ಮೂರೂ ಒಳ್ಳೆಯ ಪುಟಗಳು, ದೇವರಾಣೆ.
ಕೊಕ್ಕರೆ ಬೇಡ ಅನ್ನಲು ನಾಲಿಗೆ ಹೊರಳದು;
ಕಾಂಡ್ಲಾ ಬೇರಿನ ಸಂದಿಯಲ್ಲಿ ಏಡಿ ಹಿಡಿದೇ ಮಾವ
ಮೂವರನ್ನು ಓದಿಸಿದ್ದು.
ಆದರೆ ಮೂರು ಗುಂಟೆಯಲ್ಲಿ ಈ ಮೂರು ಪುಟ ಹಿಡಿಸುವುದು ಹೇಗೆ?
ಅದಕ್ಕೆ ಕರಡು ತಿದ್ದುವವರ ಚಿಹ್ನೆಯಿಲ್ಲ.
ವಾಕ್ಯಗಳೆಲ್ಲ ಸರಿಯಾಗಿಯೇ ಇವೆ.
(ಪ್ರಣಾಳಿಕೆಯ ನಡುವೆ ಒಂದು ನಾಳೆ ಅವಿತಿದೆ
ಎಂದು ಇವತ್ತೇ ಕಂಡದ್ದು. ಕಾಗುಣಿತ ಮಾತ್ರ ಬೇರೆ.)

ಅನುಮಾನವಿದ್ದಲ್ಲಿ ಅಂಚಿನಲ್ಲಿ ಕೇಳುವುದು ರೂಢಿ.
ಸೂರಿನ ಎದುರಿಗೆ, ಕೆಂಪು ಶಾಯಿಯಲ್ಲಿ
ಬರೆದೆ: ಎಲ್ಲಿ?

ಟೈಪಿನ ಹುಡುಗ ನಿದ್ದೆಗಣ್ಣಲ್ಲಿ ಅದನ್ನೂ ಸೇರಿಸಿದ.
ಇನಾಸ ಯಂತ್ರ ನಿಲ್ಲಿಸುವಷ್ಟರಲ್ಲಿ ಐದು ಸಾವಿರ ಪ್ರತಿ:
‘ಎಲ್ಲರಿಗೂ ಸೂರು ಎಲ್ಲಿ?’

ರಾಯ್ಕರ್ ಮಾಮ ಬೈಯಲಿಲ್ಲ, ತಲೆ ಹಿಡಿದು ಕೂತರು.
ಬಿಳಿ ಚೀಟಿ ಕತ್ತರಿಸಿ, ಮೈದಾ ಅಂಟು ಕಾಯಿಸಿ
ನಾನು, ಇನಾಸ, ಆ ಹುಡುಗ
ಒಂದೊಂದು ‘ಎಲ್ಲಿ’ಯನ್ನೂ ಮುಚ್ಚುತ್ತ ಹೋದೆವು.
ಮೂರು ಸಾವಿರದ ಹತ್ತಿರ ಹಿಟ್ಟು ಮುಗಿಯಿತು.
ಹೊರಗೆ ಪಕ್ಷದ ಜೀಪು ಹಾರನ್ ಹೊಡೆಯುತ್ತಿತ್ತು.
ಉಳಿದವು ಹಾಗೆಯೇ ಕಟ್ಟು ಕಟ್ಟಿಸಿಕೊಂಡು
ಅಂಕೋಲೆಯತ್ತ, ಜೋಯಿಡಾದತ್ತ ಹೊರಟವು.

ಮರುದಿನ ಪೇಟೆಯಲ್ಲಿ ಶೇವಂತಿಬಾಯಿ
ನನ್ನ ಬಂಗಡೆ ಸುತ್ತಲು ಒಂದನ್ನು ಹರಿಯಹೊರಟು, ತಡೆದು,
ಅಕ್ಷರ ಕೂಡಿಸಿ ಓದಿದಳು. ಎರಡು ಸಲ.
‘ಇದು ಯಾವ ಪಕ್ಷದ್ದೇ? ಇವರು ನಮ್ಮ ಮಾತೇ ಕೇಳ್ತಿದ್ದಾರಲ್ಲ!’
ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ
ಮೀನು ಬೇರೆ ಹಾಳೆಯಲ್ಲಿ ಸುತ್ತಿ ಕೊಟ್ಟಳು.

ನನ್ನ ಕೂಲಿಯಲ್ಲಿ ಎರಡು ಪುಟದ ಹಣ ಮುರಿದುಕೊಂಡರು.
ಸಂಜೆ ಭರತ ಏರಿತು.
ಅತ್ತೆ ಎದ್ದು, ಏನೂ ಅನ್ನದೆ,
ಒಲೆಯನ್ನು ಒಂದು ಮೊಳ ಈಚೆಗೆ ಎಳೆದಿಟ್ಟರು.